ಪೈಲವಾನನ ಉಪವಾಸ

೧

ಈ ಕತೆಯನ್ನು ಮೀನಿನಿಂದ ಶುರು ಮಾಡಬೇಕೋ, ಮೀನು ಸಾಕಿದವರಿಂದ ಶುರು ಮಾಡಬೇಕೋ? ಮೊದಲ ಡ್ರಾಫ್ಟ್‌ನಲ್ಲಿ ಮೀನಿನಿಂದಲೇ ಹೊರಟಿದ್ದೆ: 'ಗಾಜಿನ ಆಚೆ ಒಂದು ನೀಲಿ ಏಕಾಂತ ತೇಲುತ್ತಿತ್ತು.' ಮರುದಿನ ಓದಿ ನನಗೇ ನಾಚಿಕೆಯಾಯಿತು. ಏಕಾಂತ ತೇಲುವುದಿಲ್ಲ ಸ್ವಾಮಿ. ತೇಲುವುದು ಮೀನು, ಅದೂ ಸತ್ತ ಮೇಲೆ. ಹರಿದು ಹಾಕಿದೆ.

ಎರಡನೆಯ ಡ್ರಾಫ್ಟ್ ಹೀಗಿತ್ತು: 'ಬೆಟ್ಟಾ ಅಥವಾ ಫೈಟರ್ ಮೀನು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ ಬದುಕುತ್ತದೆ. ಚೆನ್ನಾಗಿ ನೋಡಿಕೊಂಡರೆ ಐದು. ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಡಿದಾಡಿ ಸಾಯುತ್ತವೆ. ಇದು ಮಾಂಸಾಹಾರಿ.' ಇದು ಕತೆಯಲ್ಲ, ಅಂಗಡಿಯವನ ಭಾಷಣ. ಆದರೂ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಬೇಕಾಗುತ್ತದೆ.

೨

ಸರಿ, ಮನುಷ್ಯರಿಂದಲೇ ಶುರು ಮಾಡೋಣ.

ನಾನು ಬಸವಂತ. ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ನೇಯ್ದ ಬಟ್ಟೆಯ ತಪ್ಪು ಹುಡುಕುವುದು ನನ್ನ ಕೆಲಸ. ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಅಭ್ಯಾಸವಾದ್ದರಿಂದ ರಜೆಯ ದಿನ ಕತೆ ಬರೆಯುತ್ತೇನೆ. ಶ್ರೀಪಾಲಕಾಕಾ, ರಾಜಮತಿಕಾಕು ದಂಪತಿಯ ಮನೆಯ ಮಹಡಿಯ ಮೇಲಿನ ಬಾಡಿಗೆದಾರ. ಇವರ ಮಗಳು ಮೃಣಾಲ ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮೂರು ವರ್ಷದ ಹಿಂದೆ ದೀಪಾವಳಿಗೆ ಬರುವಾಗ ಕೊಲ್ಹಾಪುರದ ಅಂಗಡಿಯಿಂದ ನೀಲಿ ಫೈಟರ್ ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಳು. ಪೈಲವಾನ ಎಂದು ಹೆಸರಿಟ್ಟಳು. ರಜೆ ಮುಗಿದಾಗ ಅವನನ್ನು ತಾಯಿಯ ಕೊರಳಿಗೆ ಕಟ್ಟಿ ಬಸ್ಸು ಹತ್ತಿದಳು.

ಕಾಕು ಜೈನರ ಮನೆಯ ಎಲ್ಲಾ ಕಟ್ಟಳೆಯನ್ನೂ ಅವನಿಗೂ ಹಚ್ಚಿದರು. ಸೂರ್ಯ ಮುಳುಗುವ ಮೊದಲು ಊಟ. ಚತುರ್ದಶಿಗೆ ಉಪವಾಸ. (ಬೆಟ್ಟಾವನ್ನು ಆಗಾಗ ಉಪವಾಸ ಕೆಡವುವುದು ಒಳ್ಳೆಯದಂತೆ, ಇಂಟರ್ನೆಟ್ ಹೇಳುತ್ತದೆ. ಕಾಕುಗೆ ಇಂಟರ್ನೆಟ್ ಹೇಳಬೇಕಾಗಿರಲಿಲ್ಲ.) ಅಂಗಡಿಯವನು ಒಣಗಿಸಿದ ಹುಳುವಿನ ಪೊಟ್ಟಣ ಕೊಟ್ಟಿದ್ದ. ಕಾಕು ಅದನ್ನು ಮಗಳ ಕೈಯಲ್ಲೇ ವಾಪಸ್ ಕಳಿಸಿದರು.

"ಒಂದ ಜೀವಾ ಉಳಸಾಕ ಇನ್ನೊಂದ ಜೀವಾ ತಗೀಬೇಕೇನ? ನಮ್ಮ ಮನ್ಯಾಗ ಅದೆಲ್ಲಾ ನಡ್ಯಾಂಗಿಲ್ಲ."

ಮೃಣಾಲ ಆನ್‌ಲೈನಿನಲ್ಲಿ ತಡಕಾಡಿ ಶುದ್ಧ ಶಾಕಾಹಾರಿ ಹಸಿರು ಕಾಳು ತರಿಸಿದಳು. ಪೈಲವಾನ ಕಾಳನ್ನು ಬಾಯಿಗೆ ಹಾಕಿಕೊಳ್ಳುವನು, ಉಗುಳುವನು, ಮತ್ತೆ ಹಾಕಿಕೊಳ್ಳುವನು. "ನುರಿಸಿ ನುರಿಸಿ ತಿಂತಾನ ನೋಡ," ಎಂದು ಕಾಕು ಎಲ್ಲರಿಗೂ ಹೇಳುತ್ತಿದ್ದರು.

೩

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ. ಉಗುಳಿದ ಕಾಳು ತಿಂದು ಮಾಂಸಾಹಾರಿ ಮೀನು ಮೂರು ವರ್ಷ ಬದುಕಿದ್ದು ಹೇಗೆ?

ನಮ್ಮಲ್ಲಿ ನಳಕ್ಕೆ ಮೂರ್ನಾಲ್ಕು ದಿನಕ್ಕೊಮ್ಮೆ ನೀರು. ಹಿತ್ತಲಿನ ಬ್ಯಾರಲ್‌ನಲ್ಲಿ ತುಂಬಿಡುವುದು. ಕಾಕು ಆ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿಯೇ ಬಳಸುತ್ತಿದ್ದರು. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಎಸೆಯುವಂತಿಲ್ಲ. ಬಟ್ಟೆ ತಿರುವಿ, ಜಾಲಾಡಿಸಿ, ಮೂಲ ನೀರಿಗೇ ಬಿಡಬೇಕು. ಮೊದಲು ಬಾವಿಗೆ ಬಿಡುತ್ತಿದ್ದರು. ಕಾಕಾ ಕಾರು ನಿಲ್ಲಿಸಲೆಂದು ಬಾವಿಗೆ ಸ್ಲ್ಯಾಬ್ ಹಾಕಿಸಿದರು. ಬ್ಯಾರಲ್‌ಗೆ ಬಿಟ್ಟರೆ ವಾರಕ್ಕೊಮ್ಮೆ ತೊಳೆದು ರಸ್ತೆಗೆ ಚೆಲ್ಲುವಾಗ ಸಾಯುತ್ತವೆ. ಅದಕ್ಕೆ ಕಾಕು ಆ ಬಟ್ಟೆಯನ್ನು ಪೈಲವಾನನ ಗಾಜಿನ ಟ್ಯಾಂಕಿನಲ್ಲಿ ಜಾಲಾಡಿಸುತ್ತಿದ್ದರು.

"ನೀರಿನ ಜೀವಾ ನೀರಾಗ ಇರ್ಲಿ. ಇಂವಗೂ ಜೋಡಿ ಆಗ್ತಾವ. ಒಬ್ಬಾಂವನ ಅದಾನ, ಪಾಪ."

ಸೊಳ್ಳೆಯ ಮರಿಗಳು ನೀರಿಗೆ ಇಳಿದು ಬಳುಕುತ್ತಿದ್ದವು. ಕಾಕು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಇರುತ್ತಿರಲಿಲ್ಲ.

"ರೆಕ್ಕಿ ಬಂದ್ವು, ಹಾರಿ ಹೋದ್ವು," ಎನ್ನುತ್ತಿದ್ದರು.

(ಓದುಗರೇ, ನೀವು ನಗುತ್ತೀರಿ. ನಾನೂ ನಕ್ಕಿದ್ದೇನೆ, ಮೆಟ್ಟಿಲ ಮೇಲೆ ಕೂತು ಬಾಯಿಗೆ ಟವೆಲ್ ಒತ್ತಿಕೊಂಡು.)

೪

ಈಗ ವಿಲನ್ ಬರಬೇಕು. ಬಂದದ್ದು ಆರ್‌ಓ ಮಶೀನು.

ಕಾಕಾ ಅಡುಗೆಮನೆಗೆ ಅದನ್ನು ಕೂರಿಸಿ, ಹಿತ್ತಲಿನಲ್ಲಿ ಬ್ಯಾರಲ್ ತೆಗೆಸಿ ಮುಚ್ಚಳದ ನೀರಿನ ಟಾಕಿ ಇಡಿಸಿದರು. ಬಟ್ಟೆಯಲ್ಲಿ ಸೋಸುವ ಕೆಲಸ ನಿಂತಿತು. ಕಾಕು ಒಂದು ವಾರ ಮುಖ ಊದಿಸಿಕೊಂಡಿದ್ದರು, ಆಮೇಲೆ ಸುಮ್ಮನಾದರು. ಪೈಲವಾನ ಮಾತ್ರ ಟ್ಯಾಂಕಿನ ತಳ ಹಿಡಿದ. ಹಸಿರು ಕಾಳನ್ನು ಬಾಯಿಗೆ ಹಾಕಿ ಉಗುಳುವುದನ್ನೂ ಬಿಟ್ಟ.

(ಈ ಭಾಗದ ಬಗ್ಗೆ ಕಾಕಾ ಅವರ ತಕರಾರು ಇದೆ. "ಎಲ್ಲಾ ತಪ್ಪಿನ ಖಾಪರ ನನ್ನ ಮಶೀನ್ ಮ್ಯಾಲ ಒಡಿಯಾಕತ್ತಿ ಅಲ್ಲೋ? ಹಂಗಾರ ನನ್ನ ಪಾತ್ರ ಕತಿಯಿಂದ ತಗದ ಬಿಡ." ತೆಗೆದುಬಿಟ್ಟೆ. ಇನ್ನು ಮುಂದೆ ಅವರು ಬರುವುದಿಲ್ಲ.)

ಅವನು ಕಾಳು ಬಿಟ್ಟ ಮೂರನೆಯ ದಿನ ಕಾಕು ಮೆಟ್ಟಿಲು ಹತ್ತಿ ಬಂದರು. ಅವರಿಗೆ ಮೊಣಕಾಲು ನೋವು, ಸುಮ್ಮನೆ ಹತ್ತುವವರಲ್ಲ.

"ಬಸವಂತಾ, ನೀ ನಾಕ ಪುಸ್ತಕಾ ಓದಿದಾಂವ. ಇಂವಾ ವಯಸ್ಸಾಗಿ ಹೊಂಟಾನೋ, ನನ್ನ ಕಡಿಂದ ಏನರ ಚೂಕ ಆತೋ? ಇಷ್ಟ ಹೇಳ. ನನಗ ನಿದ್ದಿ ಹತ್ತವಲ್ತು."

ಅವರ ಕಣ್ಣು ಕೆಂಪಾಗಿದ್ದವು. ಕಾರಣ ನನಗೆ ಆ ಕ್ಷಣವೇ ಹೊಳೆಯಿತು. "ನೋಡ್ತೇನ್ರಿ ಕಾಕು," ಎಂದೆ. ಅವರು ಇಳಿದ ಕೂಡಲೇ ಪೆನ್ನು ಹಿಡಿದೆ.

೫

ಅಂತ್ಯ ಅ: ವಯಸ್ಸಾಗಿತ್ತು. ಅಂಗಡಿಗೆ ಬರುವಾಗಲೇ ಇಂಥ ಮೀನಿಗೆ ಎಂಟು ಹತ್ತು ತಿಂಗಳಾಗಿರುತ್ತದೆ. ಅಲ್ಲಿಗೆ ಪೈಲವಾನನಿಗೆ ನಾಲ್ಕು ಹತ್ತಿರ. ದಾಸವಾಳದ ಬುಡದಲ್ಲಿ ಮಣ್ಣು. ಕಾಕು ಕಣ್ಣೊರೆಸಿಕೊಂಡು ಣಮೋಕಾರ ಮಂತ್ರ ಹೇಳುತ್ತಾರೆ. ಯಾರದೂ ತಪ್ಪಿಲ್ಲ. ವಿಶೇಷಾಂಕದವರು ಕೂಡಲೇ ತೆಗೆದುಕೊಳ್ಳುತ್ತಾರೆ.

ಅಂತ್ಯ ಆ: ನಿಜ ಹೇಳುವುದು. ಮೀನು ಬದುಕಬಹುದು. ಆದರೆ ಇರುವೆ ಬಂದರೆ ಸಕ್ಕರೆಯ ಡಬ್ಬಿಯನ್ನೇ ಬಿಸಿಲಿಗಿಟ್ಟು ಕಾಯುವ ಹೆಂಗಸಿಗೆ, ನಿಮ್ಮ ಕೈಯಿಂದ ಮೂರು ವರ್ಷ ಜೀವಂತ ಪ್ರಾಣಿ ತಿನ್ನಿಸಿದ್ದೀರಿ ಎಂದು ಹೇಗೆ ಹೇಳಲಿ? (ಹೇಳಲಾರೆ. ನಾನು ಅಷ್ಟು ಧೈರ್ಯದ ಲೇಖಕನಲ್ಲ.)

ಅಂತ್ಯ ಇ: ಶೆಡ್ಡಿನಲ್ಲಿ ನನ್ನ ಜೊತೆ ದುಡಿಯುವ ಹಣಮಪ್ಪನ ಸಲಹೆ. "ಇದರಾಗೇನ ಕತಿ ಐತೋ? ನಮ್ಮ ಡ್ರಮ್ಮಿನ್ಯಾಗ ಸೊಳ್ಳಿ ಮರಿ ಬೇಕಾದಷ್ಟ ಅದಾವ. ಒಂದ ಬಾಟ್ಲಿ ಒಯ್ಯ, ಮುದುಕಿ ಗುಡಿಗೆ ಹೋದಾಗ ಸುರವಿ ಬಾ." ಬಾಟ್ಲಿ ತಂದೆ. ಆದರೆ ಕದ್ದು ಸುರುವಿದರೆ ಕಾಕು ಕೇಳಿದ್ದಕ್ಕೆ ಉತ್ತರ ಸಿಗುವುದಿಲ್ಲವಲ್ಲ, ಕತೆ ಅರ್ಧಕ್ಕೆ ನಿಂತಂತಾಗುತ್ತದೆ. ಯೋಚಿಸುತ್ತಾ ಕುಳಿತೆ. ಬಾಟ್ಲಿ ಮೇಜಿನ ಮೇಲೆ ಹಸ್ತಪ್ರತಿಯ ಪಕ್ಕ ಉಳಿಯಿತು. ಅದರಿಂದ ಎರಡು ಸೊಳ್ಳೆ ಎದ್ದು ನನ್ನನ್ನೇ ಕಚ್ಚಿದವು. ಹೊಸ ಮರಿ ತುಂಬಿ ತಂದೆ. ಮತ್ತೆ ಬರೆಯಲು ಕೂತೆ.

ತಾಯಿಯ ಚಿಂತೆಯಲ್ಲಿ ಮೃಣಾಲ ಫೋನಿನಲ್ಲಿ ಬೈದಳು: "ದಾದಾ, ಆಯಿ ದಿನಾ ಅಳತಾಳ. ಫೈಟರ್ ಎರಡ ವಾರ ಉಪವಾಸ ತಡೀತಾವಂತ, ಅದರ ಮ್ಯಾಲ ಇಲ್ಲ. ನಿನಗ ಏನರ ಗೊತ್ತೈತೇನ?"

ಇಲ್ಲ ಎಂದೆ. ಅವನ ಮೇಲೆ ಕತೆ ಬರೆಯುತ್ತಿದ್ದೇನೆ ಎಂದಷ್ಟೇ ಹೇಳಿದೆ.

೬

ಹನ್ನೊಂದನೆಯ ದಿನ ಕಾಕು ಮತ್ತೆ ಹತ್ತಿ ಬಂದರು. ಬಾಟ್ಲಿ ನೋಡಿದರು, ಹಾಳೆ ನೋಡಿದರು.

"ಪೈಲವಾನನ ಮ್ಯಾಲ ಬರಿಯಾಕತ್ತಿ ಅಂತ ಮೃಣಾಲ ಅಂದ್ಲು. ಓದ."

ಅಂತ್ಯ ಅ ಓದಿದೆ. ದಾಸವಾಳದ ಬುಡ ಬಂದಾಗ ಸೆರಗು ಕಣ್ಣಿಗೆ ಹೋಯಿತು. ನನ್ನ ಬರವಣಿಗೆಯ ಬಗ್ಗೆ ನನಗೇ ಅಭಿಮಾನ ಉಕ್ಕಿತು. ಅದೇ ಹುರುಪಿನಲ್ಲಿ ಸೋಸುವ ಬಟ್ಟೆಯ ಮೂರನೆಯ ಭಾಗವನ್ನೂ ಓದಿಬಿಟ್ಟೆ. ಬೇಕೆಂದು ಓದಿದೆನೋ, ಲೇಖಕನ ಚಟಕ್ಕೆ ಓದಿದೆನೋ, ಈಗಲೂ ತಿಳಿಯದು.

ಕಾಕು ಸೆರಗು ಕೆಳಗಿಳಿಸಿದರು. ತಮ್ಮ ಅಂಗೈ ನೋಡಿಕೊಂಡರು. ಅಳುತ್ತಾರೆ, ನನ್ನನ್ನು ಬೈಯುತ್ತಾರೆ, ಇಲ್ಲವೇ ಪ್ರಾಯಶ್ಚಿತ್ತಕ್ಕೆ ಉಪವಾಸ ಹಿಡಿಯುತ್ತಾರೆ ಎಂದುಕೊಂಡೆ. ಮೂರಕ್ಕೂ ವಾಕ್ಯ ತಯಾರಿತ್ತು.

"ಇಂವಾ ಇದಕ್ಕ ಸೊರಗ್ಯಾನಂತ ನಿನಗ ಯಾವಾಗ ತಿಳೀತು?"

"ನೀವು ಕೇಳಾಕ ಬಂದ್ರೆಲ್ಲಾ ಕಾಕು, ಅವತ್ತ."

"ಎಂಟ ದಿನಾ ಆತು. ಎಂಟ ದಿನಾ ಏನ ಮಾಡಿದಿ?"

"ಎಂಡಿಂಗ್ ಹುಡಕಾಕತ್ತಿದ್ದೆ."

ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿತು. ಬಟ್ಟೆಯಲ್ಲಾಗಿದ್ದರೆ ಇಂಥ ತಪ್ಪಿನ ಥಾನನ್ನು, ಇಡೀ ಸುರುಳಿಯನ್ನೇ, ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದೆ.

"ಪಾಪ ಹತ್ತಿದ್ರ ನನಗ ಹತ್ತತಿತ್ತು. ಹೊರೂದೋ ಬಿಡೂದೋ ನಾ ನೋಡ್ಕೋತಿದ್ದೆ," ಎಂದರು ಕಾಕು. "ಆಂವಾ ಹಸಗೊಂಡ ಬಿದ್ದಾನ, ನೀ ಮ್ಯಾಲ ಕುಂತ ಬರಿಯಾಕತ್ತಿದಿ."

ಬಾಟ್ಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಒಳಗೆ ಮರಿಗಳು ಬಳುಕುತ್ತಿದ್ದವು. ಅವುಗಳನ್ನೂ ಒಮ್ಮೆ ದಿಟ್ಟಿಸಿ, ಒಂದೊಂದೇ ಮೆಟ್ಟಿಲು ಇಳಿದರು. ನಾನು ಹಾಳೆ ಪೆನ್ನು ಹಿಡಿದೇ ಹಿಂದೆ ಓಡಿದೆ. ಬಾಗಿಲು ಹಾಕಿಕೊಂಡರು. ಅಗಳಿ ಬಿದ್ದ ಸಪ್ಪಳ. ಆಮೇಲೆ ನೀರು ಸುರುವಿದ ಸಪ್ಪಳ. ಟ್ಯಾಂಕಿಗೋ, ಸ್ವಚ್ಛ ನೀರಿನ ಬೇರೆ ಬೋಗುಣಿಗೋ, ಹೊರಗೆ ನಿಂತವನಿಗೆ ಗೊತ್ತಾಗುವಂತಿರಲಿಲ್ಲ.

"ಕಾಕು, ಏನ ಮಾಡಿದ್ರಿ? ಅಷ್ಟ ಹೇಳ್ರಿ."

"ಯಾಕ? ಬರಿಯಾಕೇನ?"

ಬಾಗಿಲು ಮುಚ್ಚಿದ್ದರೂ ಹಾಳೆ ಪೆನ್ನನ್ನು ಬೆನ್ನ ಹಿಂದೆ ಅಡಗಿಸಿದೆ.

೭

ಮೀನು ಉಳಿಯಿತೇ ಎಂದು ನೀವು ಕೇಳುತ್ತೀರಿ. ಇವತ್ತಿಗೆ ಹದಿನೇಳನೆಯ ದಿನ, ಮೃಣಾಲ ಹೇಳಿದ ಎರಡು ವಾರ ದಾಟಿತು. ಬಾಡಿಗೆದಾರನಾಗಿ ಕೇಳಿದೆ, ಲೇಖಕನಾಗಿ ಕೇಳಿದೆ, ನಿನ್ನೆ ಬರೀ ಬಸವಂತನಾಗಿ ಕೇಳಿದೆ. ಕಾಕು ನನಗೆ ಬಾಗಿಲು ತೆಗೆದಿಲ್ಲ.