ಫಳ್ನೀರಿನ ಮನೆಯ ಗಂಡು ದಿಕ್ಕು

ನಾನು ರೊಸಾಲಿನ್. ಫಳ್ನೀರಿನ ಈ ಹೆಂಚಿನ ಮನೆ ನನ್ನದಲ್ಲ, ನೈರೋಬಿಯಲ್ಲಿರುವ ನನ್ನ ಧಣಿ ಫಿಲಿಪ್ ಬಾಬರದು. ನೋಡಿಕೊಳ್ಳುವುದಷ್ಟೇ ನನ್ನ ಕೆಲಸ. ಹಡಗು ಹತ್ತುವ ಮೊದಲು ಅವರು ಕಟ್ಟುನಿಟ್ಟಾಗಿ ಹೇಳಿದ್ದರು: "ಗಂಡು ದಿಕ್ಕಿಲ್ಲದ ಮನೆ ಅಂತ ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಕಳ್ಳರು ಬಾಗಿಲನ್ನೂ ಬಿಡುವುದಿಲ್ಲ." ಹೇಳುವುದು ಸುಲಭ! ವಿಧವೆ ನಾನು, ಒಡಹುಟ್ಟಿದವರೂ ಇಲ್ಲ. ಗಂಡಸನ್ನು ಎಲ್ಲಿಂದ ತರಲಿ?

ಕೊನೆಗೆ ನಾನೇ ಒಬ್ಬ ತಮ್ಮನನ್ನು ಹುಟ್ಟಿಸಿದೆ. ಹೆಸರು ಲಾದ್ರು. ಬರ್ಮಾ ಯುದ್ಧಕ್ಕೆ ಹೋಗಿ ಬಂದವನು, ಮಹಾ ಕೋಪಿಷ್ಠ, ಹೊರಗೆ ಮುಖ ತೋರಿಸುವವನಲ್ಲ ಎಂದು ಕೇರಿಯಲ್ಲಿ ಸುದ್ದಿ ಹಬ್ಬಿಸಿದೆ. ಬಾಬರ ಹಳೆಯ ಅಂಗಿಯನ್ನು ದಿನವೂ ಒಗೆದು ಹಗ್ಗಕ್ಕೆ ಹಾಕಿದೆ. ಬೆಳಿಗ್ಗೆ ಬೀದಿಗೆ ಕೇಳುವ ಹಾಗೆ ಬೈದೆ: "ಏ ಲಾದ್ರು, ಗಂಜಿ ತಣ್ಣಗಾಯ್ತು, ಏಳು ಮಾರಾಯ! ಎಂತ ನಿದ್ದೆ ನಿಂದು!" ಬರುಬರುತ್ತಾ ಬೀದಿಗೆ ಕೇಳಿಸದ ಮಾತುಗಳನ್ನೂ ಅವನ ಹತ್ತಿರ ಆಡತೊಡಗಿದೆ. ಮತ್ತೆ ಯಾರ ಹತ್ತಿರ ಆಡಲಿ?

ಪಕ್ಕದ ಮನೆಯ ಐಸಮ್ಮ ಪರಗಂಡಸರ ಎದುರಿಗೆ ಬರುವವಳಲ್ಲ. ಅವಳ ಗಂಡ ಶುಕೂರ್ ಬೆಳಿಗ್ಗೆ ಬಂದರಿನ ಅಂಗಡಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಗೋಡೆಯಾಚೆಯಿಂದ "ಬಾಯೀ, ಇವತ್ತು ಮೀನು ಎಂತ ಉಂಟು?" ಎಂದು ಕೇಳುವಳು. ಒಳಗೆ ಬಾ ಎನ್ನಲು ಬಾಯಿ ತೆರೆದು ಎಷ್ಟೋ ಸಲ ಮುಚ್ಚಿಕೊಂಡಿದ್ದೇನೆ. ತಮ್ಮನೇ ಇಲ್ಲ ಎಂಬ ಸುದ್ದಿ ಹೊರಬಿದ್ದರೆ ಬಾಬರು ನನ್ನನ್ನು ಬಿಡಿಸುತ್ತಾರೆ. ಆಮೇಲೆ ನಾನು ಎಲ್ಲಿಗೆ ಹೋಗಲಿ?

ಆ ದಿನ ಬೆಳಿಗ್ಗೆ ಬಾವಿಕಟ್ಟೆಯ ಹಾವಸೆಯಲ್ಲಿ ಜಾರಿ ಬಿದ್ದೆ. ಬಲಗಾಲು ಮುರಿಯಿತು. ಏಳಲಾಗದೆ ಕೂಗಿಕೊಂಡೆ.

"ಎಂತಾಯ್ತು ಬಾಯಿ?" ಗೋಡೆಯಾಚೆ ಐಸಮ್ಮ.

"ಬಿದ್ದೆ. ಕಾಲು ಮುರಿದಿದೆ. ಬಾ ಮಾರಾಯ್ತಿ!"

"ಯಾ ಅಲ್ಲಾ! ನಿಮ್ಮ ತಮ್ಮನನ್ನು ಕರೀರಿ."

"ಅವನಿಲ್ಲ."

"ಹೊರಗೆ ಹೋದರಾ? ಈಗಲೇ ಬಂದುಬಿಟ್ಟರೆ? ಅವರಿರುವ ಮನೆಗೆ ನಾನು ಹೇಗೆ ಬರುದು? ಸ್ವಲ್ಪ ತಡೀರಿ, ಇವರು ಬಂದ ಕೂಡಲೇ ಕಳಿಸ್ತೇನೆ."

ಅವಳ ಗಂಡ ಬರುವುದು ಕತ್ತಲಾದ ಮೇಲೆ! ಅಷ್ಟು ಹೊತ್ತಿಗೆ ನಾನು ಸತ್ತೇ ಹೋಗುತ್ತೇನೆ ಅನ್ನಿಸಿತು. ಬಳೆಯ ಸದ್ದು ದೂರವಾಗುತ್ತಿತ್ತು. ಕೆಲಸ ಹಾಳಾಗಿ ಹೋಗಲಿ ಎಂದು ಕಿರುಚಿದೆ: "ಲಾದ್ರು ಅನ್ನುವವನೇ ಇಲ್ಲ ಐಸಮ್ಮ! ಇಷ್ಟು ವರ್ಷ ಈ ಮನೆಯಲ್ಲಿ ನಾನೊಬ್ಬಳೇ!"

ಹೇಳಿದ್ದೇ ತಡ, ಒಡಹುಟ್ಟಿದವನನ್ನು ಕಳೆದುಕೊಂಡವಳ ಹಾಗೆ ಅತ್ತುಬಿಟ್ಟೆ. ಕಾಲಿನ ನೋವಿಗಲ್ಲ.

ಐಸಮ್ಮ ಓಡಿ ಬಂದಳು. ಅವಳ ಮುಖ ನೋಡಿದ್ದು ಅದೇ ಮೊದಲು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತೆರೆದ ಬಾಗಿಲಿನಿಂದ ಒಳಗಿನ ಖಾಲಿ ಕೋಣೆಗಳನ್ನು ನೋಡಿದಳು.

"ಯಾರೂ ಇಲ್ವಾ?"

"ಯಾರೂ ಇಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು. ನನ್ನ ಭುಜಕ್ಕೆ ಮೆಲ್ಲನೆ ಒಂದು ಗುದ್ದು ಕೊಟ್ಟಳು.

"ಹೇಳಬಾರದಿತ್ತಾ ಬಾಯಿ? ಗೋಡೆಯ ಆಚೆ ನಾನೂ ದಿನವಿಡೀ ಒಬ್ಬಳೇ ಇದ್ದೆ."