ಅತ್ತಿಗೆ ಕೂತ ಕುರ್ಚಿ

ಡಿಸೈನ್ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ ವಸ್ತುಸಂಗ್ರಹಾಲಯದ ಹಳೆಯ ಕುರ್ಚಿಯೊಂದರ ಚಿತ್ರ ಬರೆದು ತರಬೇಕಿತ್ತು. ತುಂಬು ಬಸುರಿ ಅತ್ತಿಗೆಗೆ ಡಾಕ್ಟರು ದಿನಾ ನಡೆಯಲು ಹೇಳಿದ್ದರಿಂದ ಅವಳೂ ಜೊತೆಗೆ ಹೊರಟಳು.

ಕುರ್ಚಿಗಳ ಕೋಣೆಯಲ್ಲಿ ಹುಡುಗಿ ಕೆತ್ತನೆಯ ಬೆನ್ನಿದ್ದ, ಕೈಗಳಿಲ್ಲದ ಒಂದು ತಗ್ಗು ಕುರ್ಚಿಗೆ ಮನಸೋತಳು. ಅದರ ಹೂಬಳ್ಳಿಗಳನ್ನು ಬಿಡಿಸುತ್ತಾ ಮೈಮರೆತಳು. ಅತ್ತಿಗೆ ಕೂರಲು ಜಾಗ ಹುಡುಕಿ ಸೋತು, ಕೊನೆಗೆ ಅಡ್ಡ ಕಟ್ಟಿದ್ದ ಹಗ್ಗ ಸರಿಸಿ ಆ ಕುರ್ಚಿಯ ಮೇಲೆಯೇ ಕುಕ್ಕರಿಸಿದಳು.

“ಅಯ್ಯೋ ಅತ್ತಿಗೆ, ಏಳಿ! ಅದು ನೋಡೋಕೆ ಇಟ್ಟಿರೋದು!”

“ಏಳೋಕೆ ಆಗಿದ್ರೆ ಎದ್ದೇ ಬಿಡ್ತಿದ್ದೆ ಕಣೇ. ಹಿಡ್ಕೊಳೋಕೆ ಇದಕ್ಕೆ ಏನೂ ಇಲ್ಲ.”

ಕಾವಲಿನ ಹೆಂಗಸು ಓಡಿ ಬಂದಳು. ಬೈಯಲು ತೆರೆದ ಬಾಯಿ ಆ ಹೊಟ್ಟೆ ಕಂಡು ಹಾಗೇ ಮುಚ್ಚಿಕೊಂಡಿತು. ಇಬ್ಬರೂ ಒಂದೊಂದು ಕೈ ಹಿಡಿದು ಎಳೆದರು. ಅತ್ತಿಗೆ ನಗು ತಡೆಯಲಾರದೆ ಮತ್ತೆ ಕುಸಿದಳು. ಮೂವರೂ ನಕ್ಕು ಸುಸ್ತಾದ ಮೇಲೆಯೇ ಅವಳು ಎದ್ದದ್ದು. ಕಾವಲಿನವಳು ಬಾಗಿಲ ಬಳಿಯಿಂದ ತನ್ನ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ಅತ್ತಿಗೆ ಅದರ ಕೈಗಳನ್ನು ಹಿಡಿದು ನಿಧಾನವಾಗಿ ಕೂತು, “ಅಬ್ಬಾ, ಹೋದ ಜೀವ ಬಂತು” ಎಂದಳು.

ಹುಡುಗಿಗೆ ಕೆಡುಕೆನಿಸಿತು. ಇಷ್ಟು ಹೊತ್ತೂ ಅತ್ತಿಗೆಯ ಊದಿದ ಪಾದಗಳು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಹಾಳೆ ಮಗುಚಿ, ಪ್ಲಾಸ್ಟಿಕ್ ಕುರ್ಚಿಯ ಕೈಗಳನ್ನೂ ಅವುಗಳ ಮೇಲಿದ್ದ ಅತ್ತಿಗೆಯ ಅಂಗೈಗಳನ್ನೂ ಬಿಡಿಸತೊಡಗಿದಳು.

“ಹಳೇ ಕುರ್ಚಿ ಬರೀಬೇಕು ಅಂದಿದ್ರಲ್ವೇನೇ ನಿಮ್ಮ ಮೇಷ್ಟ್ರು?” ಅತ್ತಿಗೆ ಕೇಳಿದಳು.

“ಅದನ್ನ ನಾಳೆ ಬಂದು ಮುಗಿಸ್ತೀನಿ. ನೀವು ಅಲ್ಲಾಡ್ಬೇಡಿ, ಹಾಗೇ ಕೂತಿರಿ.”