ದೋಣಿಯ ಬಗ್ಗೆ ಗೊತ್ತಿರುವುದೆಲ್ಲ

ವಿಮೆಯ ಅರ್ಜಿಯ ಕೊನೆಯ ಪ್ರಶ್ನೆ ಹೀಗಿತ್ತು: 'ದೋಣಿಯ ಅಪಾಯದ ಬಗ್ಗೆ ನಿಮಗೆ ಗೊತ್ತಿರುವುದೆಲ್ಲವನ್ನೂ ತಿಳಿಸಿ.' ದೋಣಿಯ ಯಜಮಾನರು ಸತ್ಯದ ತಲೆಯ ಮೇಲೆ ಹೊಡೆದಂತೆ 'ಏನೂ ಇಲ್ಲ' ಎಂದು ಬರೆದರು. ಪಾಪ, ಅವರ ಕಷ್ಟ ಅವರಿಗೆ. ವಿಮೆ ಇಲ್ಲದೆ ಬಂದರಿನವರು ದೋಣಿ ಬಿಡುವುದಿಲ್ಲ. ಸೋಮವಾರ ಹೊರಡದಿದ್ದರೆ ಹೆಂಚಿನ ವ್ಯಾಪಾರಿ ವರ್ಷದ ಸರಕನ್ನೆಲ್ಲ ಸಾಗಿಸಲು ಬೇರೆ ದೋಣಿಯವರಿಗೆ ಕೊಟ್ಟುಬಿಡುತ್ತಾನೆ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಕತ್ತು ಚಾಚಿ ಓದಿದಳು.

"ಏನೂ ಇಲ್ವಾ? ಹೋದ ವರ್ಷ ಬಂಡೆಗೆ ಬಡಿದು ತಳಕ್ಕೆ ತೇಪೆ ಹಾಕ್ಸಿದ್ರಲ್ರೀ!"

"ಬಂಡೆ ವಿಷಯ ಎಲ್ಲಿ ಕೇಳಿದ್ದಾರೆ? ನೀನು ಸುಮ್ನಿರೇ."

ಮೇಜಿನ ಆಚೆ ಇದ್ದ ವಿಮೆ ಅಧಿಕಾರಿಣಿ ಕನ್ನಡಕ ಮೇಲೇರಿಸಿದರು. "ಕೇಳ್ದೇ ಇದ್ರೂ ನೀವೇ ಹೇಳ್ಬೇಕು, ಯಜಮಾನ್ರೇ. ದೋಣಿ ನೀರಲ್ಲಿರುತ್ತೆ, ನಾನು ಈ ಕುರ್ಚೀಲಿ. ನೀವು ಮುಚ್ಚಿಟ್ರೆ ವಿಮೆ ಇದ್ದೂ ಇಲ್ಲದ ಹಾಗೆ."

ಯಜಮಾನರ ಮುಖ ಹುಳ್ಳಗಾಯಿತು. ಹೆಂಡತಿ ಚೀಲದಿಂದ ವೆಲ್ಡಿಂಗ್ ರಸೀದಿ ತೆಗೆದು ಮೇಜಿನ ಮೇಲಿಟ್ಟಳು. ಅಧಿಕಾರಿಣಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಾಳೆ ತಪಾಸಣೆಯವರು ಬರುತ್ತಾರೆ, ತೇಪೆ ಗಟ್ಟಿಯಿದ್ದರೆ ಕಂತು ತುಸು ಹೆಚ್ಚಾಗುತ್ತದೆ ಅಷ್ಟೇ, ಸೋಮವಾರ ಹೊರಡಬಹುದು ಎಂದರು.

ಯಜಮಾನರಿಗೆ ಹೋದ ಜೀವ ಬಂದಂತಾಯಿತು. ಸತ್ಯ ಇಷ್ಟು ಅಗ್ಗವೆಂದು ಅವರಿಗೆ ಗೊತ್ತೇ ಇರಲಿಲ್ಲ. ಇನ್ನು ಅವರ ಬಾಯಿಗೆ ಬೀಗವಿದ್ದೀತೆ? ಪಂಪು ಕೆಮ್ಮುತ್ತದೆ ಎಂದರು, ದಿಕ್ಸೂಚಿ ಒಂದಿಷ್ಟು ಎಡಕ್ಕೆ ವಾಲುತ್ತದೆ ಎಂದರು. ಅದೇ ಹುರುಪಿನಲ್ಲಿ, "ಮತ್ತೆ... ನನಗೆ ಈಜು ಬರಲ್ಲ" ಅಂದುಬಿಟ್ಟರು.

ಅಧಿಕಾರಿಣಿ ಬಿದ್ದು ಬಿದ್ದು ನಕ್ಕರು. "ಅದನ್ನ ಬರೀಬೇಕಿಲ್ಲ. ಅಪಾಯ ಕಡಿಮೆ ಮಾಡೋ ಸಂಗತಿ ತಿಳಿಸ್ಬೇಕು ಅಂತ ಕಾನೂನಲ್ಲಿಲ್ಲ. ಈಜು ಬರದವರು ದೋಣೀನ ಮುಳುಗೋಕೆ ಬಿಡ್ತಾರಾ?"

ಹೆಂಡತಿ ಮಾತ್ರ ನಗಲಿಲ್ಲ.

"ಇಪ್ಪತ್ತಾರು ವರ್ಷ! ಗಾಳಿ ಎದ್ದಾಗೆಲ್ಲ, ಹೇಗೋ ಈಜ್ಕೊಂಡಾದ್ರೂ ಬರ್ತಾರೆ ಅಂತ ಧೈರ್ಯವಾಗಿದ್ನಲ್ರೀ. ಕಂಪನಿಗೆ ಹೇಳೋದು ಬೇಡ, ಸರಿ. ನನಗೆ ಹೇಳ್ಬೇಕಿತ್ತೋ ಇಲ್ವೋ?"

ಅವಳ ಕಣ್ಣು ತುಂಬಿದ್ದನ್ನು ಕಂಡು ಯಜಮಾನರಿಗೆ ನಿಜವಾಗಿಯೂ ನಾಚಿಕೆಯಾಯಿತು. "ಹೇಳಿದ್ರೆ ನೀನು ದೋಣಿ ಹತ್ತೋಕೆ ಬಿಡ್ತಿರ್ಲಿಲ್ಲ."

"ಈಗಲೂ ಬಿಡಲ್ಲ. ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇದೆ, ನಡೀರಿ."

ಮರುದಿನ ಬೆಳಿಗ್ಗೆ ತಪಾಸಣೆಯವನು ಬಂದಾಗ ಯಜಮಾನರು ಎದೆಮಟ್ಟದ ನೀರಿನಲ್ಲಿದ್ದರು, ಬೆನ್ನಿಗೆ ಖಾಲಿ ಎಣ್ಣೆ ಡಬ್ಬ ಕಟ್ಟಿಕೊಂಡು, ಕೈಕಾಲು ಬಡಿಯುತ್ತ. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಬಂದರಿನ ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿಯ ಕೈಯಲ್ಲಿತ್ತು.

"ನೀವು ಹೋಗಿ ದೋಣಿ ನೋಡಿ," ಎಂದಳು ಅವಳು. "ಇವರನ್ನ ನಾನು ನೋಡ್ಕೋತೀನಿ."